ನಾಸಿಕರಾಯರ ಮೂಗು ಮತ್ತು ಬಾಳೆಯೆಣ್ಣೆ

ಆ ದಿನ ಬೆಳಿಗ್ಗೆ ಒಲೆಯ ಮೇಲಿದ್ದ ಹಾಲು ಉಕ್ಕಿತು, ಸೀದು ಕರಕಲಾಯಿತು, ಅದರ ಹೊಗೆ ಬೀದಿಗೂ ಹೋಗಿ ಎದುರು ಮನೆಯವರು ಕಿಟಕಿ ಮುಚ್ಚಿಕೊಂಡರು. ಆದರೆ ಅದೇ ಒಲೆಗೆ ಬೆನ್ನು ತಿರುಗಿಸಿ ನಿಂತು ಶೂ ಪಾಲಿಶ್ ಮಾಡುತ್ತಿದ್ದ ನಾಸಿಕರಾಯರಿಗೆ ಏನೂ ಗೊತ್ತಾಗಲಿಲ್ಲ. ಹೆಂಡತಿ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಓಡಿಬಂದು ಒಲೆ ಆರಿಸಿದರು. ಪಾತ್ರೆ ನೋಡಿದರು, ಗಂಡನ ಮುಖ ನೋಡಿದರು, ಮತ್ತೆ ಪಾತ್ರೆ ನೋಡಿದರು.

"ವಾಸನೆ ಬರ್ಲಿಲ್ವಾ ನಿಮ್ಗೆ?"

"ಯಾವ ವಾಸನೆ?" ಎಂದು ರಾಯರು ಕೇಳಿದರು. ಕೇಳಿದ್ದು ಹಾಗೆ, ಹೊರಗೆ ಬಂದದ್ದು ಮಾತ್ರ "ಯಾವ ವಾಸದೆ?" ಎಂದು.

ಬೇರೆ ಯಾರಿಗಾದರೂ ಇದೊಂದು ನೆಗಡಿ, ಅಷ್ಟೇ. ನಾಲ್ಕು ಸಲ ಸೀನಿ, ಕರವಸ್ತ್ರ ಒದ್ದೆ ಮಾಡಿ, ಮರೆತುಬಿಡುವಂಥದ್ದು. ಆದರೆ ನಾಸಿಕರಾಯರಿಗೆ ಮೂಗೇ ಅನ್ನ, ಮೂಗೇ ಮಾನ. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇತ್ತು. ಅದು ಈಗ ಹೆಂಡತಿಗೂ ತಟ್ಟನೆ ನೆನಪಾಗುವುದಿಲ್ಲ.

ರಾಯರು ಕೆಲಸ ಮಾಡುತ್ತಿದ್ದದ್ದು ಮಾಸ್ಕ್ ಕಾರ್ಖಾನೆಯಲ್ಲಿ. ಬಟ್ಟೆಯ ಮಾಸ್ಕ್ ಅಲ್ಲ; ಕಪ್ಪು ರಬ್ಬರಿನದು, ಎರಡು ಕೆನ್ನೆಗೂ ಇದ್ದಲು ತುಂಬಿದ ಡಬ್ಬಿ ಇರುವಂಥದು. ಬಣ್ಣ, ಹೊಗೆ, ಆವಿಯ ನಡುವೆ ದುಡಿಯುವವರು ಹಾಕಿಕೊಳ್ಳುವಂಥದು. ಅದು ಸೋರುತ್ತದೋ ಇಲ್ಲವೋ ನೋಡಬೇಕಲ್ಲ? ಹಾಗಂತ ವಿಷದ ಹೊಗೆಯಲ್ಲಿ ಮನುಷ್ಯನನ್ನು ಕೂರಿಸಿ ನೋಡುವ ಹಾಗಿಲ್ಲ. ಅದಕ್ಕೇ ಬಾಳೆಯೆಣ್ಣೆ. ಒಬ್ಬ ಆಳು ನಿಲ್ಲುವಷ್ಟು ಗಾಜಿನ ಗೂಡು, ಒಳಗಿನ ಕೊಕ್ಕೆಗೆ ಬಾಳೆಯೆಣ್ಣೆಯಲ್ಲಿ ಅದ್ದಿದ ಬಟ್ಟೆಯ ಚೂರು, ಅದರ ಕೆಳಗೆ ಮಾಸ್ಕ್ ಕಟ್ಟಿಕೊಂಡ ರಾಯರು. ತಲೆಯನ್ನು ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ಆಡಿಸಬೇಕು, ಗಟ್ಟಿಯಾಗಿ ಮಾತಾಡಬೇಕು. ಒಬ್ಬರೇ ನಿಂತು ಏನು ಮಾತಾಡುವುದು? ರಾಯರು ಹದಿಮೂರರ ಮಗ್ಗಿ ಹೇಳುತ್ತಿದ್ದರು. ಮಗ್ಗಿ ಮುಗಿಯುವುದರೊಳಗೆ ಬಾಳೆಹಣ್ಣು ಘಮ್ಮೆಂದರೆ ಮಾಸ್ಕ್ ಸೋರುತ್ತದೆ, ಕೆಂಪು ಮುದ್ರೆ. ಮೂಗಿಗೆ ಏನೂ ಬಡಿಯದಿದ್ದರೆ ಹಸಿರು ಮುದ್ರೆ.

ಬಾಳೆಯೆಣ್ಣೆ ಎಂದರೆ ಬಾಳೆಹಣ್ಣು ಹಿಂಡಿ ತೆಗೆದದ್ದು ಎಂದು ಯಾರಾದರೂ ಅಂದರೆ ರಾಯರಿಗೆ ಮೈಯೆಲ್ಲ ಉರಿಯುತ್ತಿತ್ತು. "ಐಸೊಅಮೈಲ್ ಅಸಿಟೇಟ್" ಎಂದು ಬಾಯಿ ತುಂಬ ಹೇಳಿ, ಕೇಳಿದವನನ್ನು ಕೂರಿಸಿ ಪಾಠ ಮಾಡುತ್ತಿದ್ದರು. ನೀರಿನ ಹಾಗೆ ತಿಳಿ, ಬಣ್ಣವೇ ಇಲ್ಲ. ಬಾಳೆಹಣ್ಣು ಕಳಿತಾಗ ಅದರೊಳಗೆ ತಾನಾಗಿಯೇ ಹುಟ್ಟುತ್ತದೆ. ಕಾರ್ಖಾನೆಯಲ್ಲಿ ಅದನ್ನೇ ಬೇರೆ ದಾರಿಯಲ್ಲಿ ತಯಾರಿಸುತ್ತಾರೆ. ಮಕ್ಕಳ ಮಿಠಾಯಿಗೆ ಹಣ್ಣಿನ ವಾಸನೆ ಕೊಡುವುದೂ ಅದೇ, ಉಗುರುಬಣ್ಣವನ್ನು ತೆಳ್ಳಗೆ ಮಾಡುವುದೂ ಅದೇ, ಮರದ ಪಾಲಿಶಿಗೆ ಸೇರುವುದೂ ಅದೇ. "ಹಣ್ಣಲ್ಲಿ ಹುಟ್ಟಿ ಬಣ್ಣದಲ್ಲಿ ಬೆಳೆದದ್ದು" ಎನ್ನುವಾಗ ರಾಯರ ಮುಖದಲ್ಲಿ ಮಗ ಪರೀಕ್ಷೆ ಪಾಸು ಮಾಡಿದ ತಂದೆಯ ಕಳೆ ಇರುತ್ತಿತ್ತು. ಮನೆಯ ಷೋಕೇಸಿನಲ್ಲಿ ಇತರರು ಗೊಂಬೆ ಇಡುತ್ತಾರೆ; ಇವರು ಒಂದು ಚಿಕ್ಕ ಸೀಸೆ ಬಾಳೆಯೆಣ್ಣೆ ಇಟ್ಟಿದ್ದರು.

ನೆಗಡಿಗೆ ಬರಲು ಬೇರೆ ದಿನವೇ ಸಿಗಲಿಲ್ಲವೇ ಎಂದು ಕೇಳಬೇಕು. ಕಾರ್ಖಾನೆಯ ಯಜಮಾನರು ಕೆಲವು ಕಾಲದಿಂದ ಮಾಸ್ಕ್ ಪರೀಕ್ಷಿಸುವ ಯಂತ್ರವೊಂದರ ಚಿತ್ರವನ್ನು ಮೇಜಿನ ಮೇಲೆ ಇಟ್ಟುಕೊಂಡು ನಿಟ್ಟುಸಿರು ಬಿಡುತ್ತಿದ್ದರು. ಇವತ್ತು ದೊಡ್ಡ ಅಂಟಿನ ಕಾರ್ಖಾನೆಯ ಖರೀದಿ ಸಾಹೇಬರು ಬರುವವರಿದ್ದರು. ರಾಯರ ಪರೀಕ್ಷೆ ಅವರಿಗೆ ಒಪ್ಪಿಗೆಯಾದರೆ ಯಂತ್ರದ ಮಾತು ಬಿಟ್ಟುಹೋಗಿ, ರಾಯರಿಗೆ ಸ್ವಂತ ಕೋಣೆ, ಬಾಗಿಲಿಗೆ "ಮುಖ್ಯ ಪರೀಕ್ಷಕರು" ಎಂಬ ಫಲಕ. ಒಪ್ಪಿಗೆಯಾಗದಿದ್ದರೆ ಯಂತ್ರ ಒಳಗೆ, ರಾಯರು ಹೊರಗೆ. ಫಲಕ ಆಗಲೇ ತಯಾರಾಗಿ ಮನೆಯ ಹಜಾರದಲ್ಲಿ ಗೋಡೆಗೆ ಒರಗಿತ್ತು. ಅದಕ್ಕೆ ಬಣ್ಣ ಹಚ್ಚಿ ಅಕ್ಷರ ಬರೆದವನು ರಾಯರ ತಮ್ಮ.

ತಮ್ಮ ಮಹಡಿಯ ಮೇಲಿನ ಮನೆಯಲ್ಲಿದ್ದ. ಕಾರುಗಳಿಗೆ ಬಣ್ಣ ಹೊಡೆಯುವ ಕೆಲಸ. ಆ ಹೊತ್ತಿಗೆ ಅವನೂ ಮಾಸ್ಕನ್ನು ಕೊರಳಿಗೆ ನೇತುಹಾಕಿಕೊಂಡು ಮೆಟ್ಟಿಲಿಳಿದು ಬಂದ.

"ಅಣ್ಣಾ, ಇವತ್ತು ನಿನ್ನ ದಿನ ಕಣೋ. ನಮ್ಮ ಶೆಡ್ಡಲ್ಲಿ ಎಲ್ರಿಗೂ ಹೇಳಿದೀನಿ. ನಮ್ಮಣ್ಣ ಮೂಸಿ ಮುದ್ರೆ ಒತ್ತಿದ ಮಾಸ್ಕು, ಕಣ್ಮುಚ್ಚಿ ಹಾಕ್ಕೊಳ್ರೋ ಅಂತ."

ರಾಯರು ಬಾಯಿ ತೆರೆದರೆ ಬಂಡವಾಳ ಬಯಲಾಗುತ್ತದೆಂದು ಅವನ ಬೆನ್ನು ತಟ್ಟಿ ಕಳಿಸಿದರು. ಅವನು ಶಿಳ್ಳೆ ಹಾಕುತ್ತ ಹೋದ.

ಹೆಂಡತಿ ರಜೆ ಹಾಕಿ ಎಂದರು. ನೆಗಡಿ ಆಯಿತೆಂದು ಯಾರೂ ಮೂಗು ಕೊಯ್ದುಕೊಳ್ಳುವುದಿಲ್ಲ, ಸಾಹೇಬರು ನಾಳೆ ಬಂದರೆ ಆಗದೇ ಎಂದರು. ರಾಯರು ಕೇಳಲಿಲ್ಲ. ಸೇನಾಪತಿ ಯುದ್ಧದ ದಿನ ಕಾಲು ಉಳುಕಿದೆ ಎಂದು ಚೀಟಿ ಕಳಿಸುತ್ತಾನೆಯೇ? ಆಕೆ ಮೆಣಸು ಕುದಿಸಿ ಕೊಟ್ಟರು, ರಾಯರು ಕುಡಿದರು. ಬಿಸಿನೀರಿನ ಹಬೆಗೆ ಮುಖ ಒಡ್ಡಿದರು. ಹಸಿ ಈರುಳ್ಳಿ ಹೆಚ್ಚಿ ಮೂಗಿಗೆ ಹಿಡಿದರು; ಕಣ್ಣು ಸುರಿಯಿತು, ಮೂಗು ಜಗ್ಗಲಿಲ್ಲ. ಕೊನೆಗೆ ಷೋಕೇಸಿನ ಸೀಸೆಯನ್ನು ಜೇಬಿಗಿಳಿಸಿ, ದಾರಿಯುದ್ದಕ್ಕೂ ಮೂಸುತ್ತ ಹೋದರೆ ಎಲ್ಲಾದರೊಂದು ಕಡೆ ಮೂಗು ತೆರೆದುಕೊಂಡೀತು ಎಂದು ಹೊರಟರು.

ಬಾಗಿಲಲ್ಲೇ ಪಕ್ಕದ ಮನೆಯ ಅಜ್ಜಿ. ಆ ಅಜ್ಜಿಗೆ ರಾಯರ ಮೂಗು ಮನೆಯ ಪಾತ್ರೆಪಗಡದ ಹಾಗೆ, ಬೇಕೆಂದಾಗ ಎರವಲು ತರುವಂಥದ್ದು. ಹಾಲಿನ ತಪ್ಪಲೆಯನ್ನು ರಾಯರ ಮುಖಕ್ಕೇ ಹಿಡಿದು, "ಹುಳಿಯಾಗಿದೆಯಾ ನೋಡಪ್ಪ" ಎಂದರು. ರಾಯರು ಸೀಸೆಯ ಮುಚ್ಚಳ ತೆಗೆದು ಮೂಸುತ್ತಿದ್ದ ಹೊತ್ತು ಅದು. ತಪ್ಪಲೆ ಮೊಣಕೈಗೆ ತಗುಲಿ ಸೀಸೆ ಬೋರಲಾಯಿತು. ಇದ್ದಬದ್ದ ಬಾಳೆಯೆಣ್ಣೆಯೆಲ್ಲ ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಎದೆಗೆ ಹರಿಯಿತು. ಬದಲಾಯಿಸಲು ಹೊತ್ತಿರಲಿಲ್ಲ. ಇಷ್ಟಕ್ಕೂ ಬಣ್ಣವಿಲ್ಲದ್ದು, ಕಲೆಯಾಗಲಿಲ್ಲ. ಸಿಪಾಯಿಗೆ ಬಿಲ್ಲೆಯಿದ್ದ ಹಾಗೆ ತನಗೆ ಇದು ಎಂದುಕೊಂಡು ರಾಯರು ಎದೆ ಇನ್ನೂ ಸ್ವಲ್ಪ ಮುಂದೆ ಮಾಡಿದರು.

"ಹಾಲು ಹೇಗಿದೆ ಹೇಳಪ್ಪ?"

ರಾಯರು ತಪ್ಪಲೆಯ ಮೇಲೆ ಬಗ್ಗಿದರು. ಹಾಲೂ ಒಂದೇ, ಸುಣ್ಣದ ನೀರೂ ಒಂದೇ. ಆದರೂ ಕಣ್ಣು ಮುಚ್ಚಿ, ಹುಬ್ಬು ಏರಿಸಿ, "ಅಮೃತ" ಎಂದುಬಿಟ್ಟರು. ಬೀದಿಯ ತಿರುವು ದಾಟುವುದರೊಳಗೆ ಹಿಂದಿನಿಂದ ಅಜ್ಜಿಯ ದನಿ ಕೇಳಿತು. ಕಾಯಿಸಿದ ಹಾಲು ಒಡೆದು ಮುದ್ದೆಯಾಗಿತ್ತು. ನಾಸಿಕರಾಯನ ಮೂಗು ಮೋಸ ಮಾಡಿತು ಎಂದು ಅಜ್ಜಿ ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ರಾಯರು ತಿರುಗಿ ನೋಡದೆ ಬಿರಬಿರನೆ ನಡೆದರು. ಅವರ ಮೂಗಿನ ಹೆಸರಲ್ಲಿ ಹೇಳಿದ ಮೊದಲ ಸುಳ್ಳು ಅದು.

ಬಸ್ಸಿನಲ್ಲಿ ಪಕ್ಕದವನು ಬಾಳೆಹಣ್ಣು ಎಲ್ಲಿ ಸಿಕ್ಕಿತು ಎಂದು ಕೇಳಿದ. ಹಿಂದಿನ ಸೀಟಿನ ಮಗು ತನಗೂ ಒಂದು ಬೇಕೆಂದು ರಚ್ಚೆ ಹಿಡಿಯಿತು. ರಾಯರು ಕೈಚೀಲ ಬಿಚ್ಚಿ ತೋರಿಸಿದರೂ ತಾಯಿ ನಂಬಲಿಲ್ಲ. ಇಷ್ಟು ದೊಡ್ಡ ಮನುಷ್ಯ ಒಂದು ಹಣ್ಣಿಗೆ ಹೀಗೆ ಮಾಡುತ್ತಾನಲ್ಲ ಎಂದು ಮುಖ ತಿರುಗಿಸಿದಳು. ಶರ್ಟು ಅಷ್ಟು ಜೋರಾಗಿ ನಾರುತ್ತಿದೆ ಎಂದು ರಾಯರಿಗೆ ಆಗ ಗೊತ್ತಾಯಿತು.

ಕಾರ್ಖಾನೆಯ ಗೇಟಿನ ಒಳಗೆ ಮುದುಕ ಕಾವಲುಗಾರ ಎರಡು ಜೇನುಪೆಟ್ಟಿಗೆ ಇಟ್ಟಿದ್ದ. ರಾಯರು ದಿನವೂ ಅವುಗಳ ಪಕ್ಕದಲ್ಲೇ ಹಾದು, ನಿಂತು, ನಾಲ್ಕು ಮಾತಾಡಿ ಹೋಗುತ್ತಿದ್ದರು. ಇವತ್ತೂ ಹೋದರು. ಕಾವಲುಗಾರ ದೂರದಿಂದಲೇ ಎರಡೂ ಕೈ ಬೀಸಿದ. ನಮಸ್ಕಾರ ಎಂದುಕೊಂಡು ರಾಯರೂ ಕೈ ಎತ್ತಿದರು.

"ಹತ್ರ ಬರ್ಬೇಡಿ ಸ್ವಾಮಿ! ನೀವೇ ಹೇಳ್ಕೊಟ್ಟಿದ್ದಲ್ವಾ!"

ಹೌದು, ಅವರೇ ಹೇಳಿಕೊಟ್ಟದ್ದು. ಜೇನುಹುಳ ಚುಚ್ಚಿದಾಗ ಅದರ ಮುಳ್ಳಿನ ಬುಡದಿಂದ ಹೊರಡುವುದೂ ಇದೇ ಬಾಳೆಯೆಣ್ಣೆಯ ವಾಸನೆ. ಶತ್ರು ಇಲ್ಲಿದ್ದಾನೆ, ಎಲ್ಲರೂ ಬನ್ನಿ ಎಂದು ಗೂಡಿಗೆ ಕರೆ ಕಳಿಸಿದಂತೆ. ಬಾಳೆಹಣ್ಣು ತಿಂದು ಪೆಟ್ಟಿಗೆಯ ಹತ್ತಿರ ಹೋಗಬೇಡ ಎಂದು ಕಾವಲುಗಾರನಿಗೆ ಎಚ್ಚರಿಕೆ ಕೊಟ್ಟ ಪಂಡಿತರು, ಗೊನೆಗಟ್ಟಲೆ ವಾಸನೆಯನ್ನು ಎದೆಗೆ ಸುರಿದುಕೊಂಡು ಅಲ್ಲೇ ನಿಂತಿದ್ದರು. ಪೆಟ್ಟಿಗೆ ಗುಂಯ್ ಎಂದಿತು. ರಾಯರು ಚೀಲ ಬಿಸಾಡಿ ಓಡಿದರು, ಅಂಗಳಕ್ಕೆ ಎರಡು ಸುತ್ತು ಬಂದು, ಸ್ಟೋರಿನೊಳಗೆ ನುಗ್ಗಿ ಬಾಗಿಲು ಹಾಕಿಕೊಂಡರು. ಹೆಚ್ಚಿನ ಹುಳಗಳು ಬಾಗಿಲ ಹೊರಗೇ ಉಳಿದವು. ಜೊತೆಗೇ ಒಳಗೆ ಬಂದ ಒಂದೆರಡು ಮಾತ್ರ, ರಾಯರ ಮುಖದಲ್ಲಿ ಬೇರೆ ಎಷ್ಟೋ ಜಾಗವಿದ್ದರೂ, ನೇರವಾಗಿ ಮೂಗಿನ ಮೇಲೇ ಕೂತವು.

ಸಾಹೇಬರ ಮುಂದೆ ಹಾಜರಾಗುವ ಹೊತ್ತಿಗೆ ಆ ಮೂಗು ಕೆಂಪು ಬದನೆಕಾಯಿಯಾಗಿತ್ತು.

ಪರೀಕ್ಷೆಯ ಕೋಣೆಯಲ್ಲಿ ಒಂದು ವಿಚಿತ್ರ ದೃಶ್ಯ. ಎಲ್ಲ ಕಿಟಕಿಗಳನ್ನೂ ತೆರೆದಿಟ್ಟಿದ್ದರು. ಯಜಮಾನರು ಕರವಸ್ತ್ರ ಮೂಗಿಗೆ ಒತ್ತಿಕೊಂಡು ಕಿಟಕಿಯ ಪಕ್ಕ ನಿಂತಿದ್ದರು. ಮುದ್ರೆ ಒತ್ತುವ ಗುಮಾಸ್ತೆ, ಪ್ಯಾಕಿಂಗಿನ ಹೆಂಗಸರು, ಲೆಕ್ಕದವರು, ಎಲ್ಲರೂ ಗೋಡೆಗೆ ಅಂಟಿಕೊಂಡಿದ್ದರು. ಒಬ್ಬೊಬ್ಬರ ಮುಖವೂ ಹರಳೆಣ್ಣೆ ಕುಡಿದ ಹಾಗಿತ್ತು. ಕೋಣೆಯ ನಡುವೆ ಕುರ್ಚಿಯಲ್ಲಿ ಖರೀದಿ ಸಾಹೇಬರು, ದಪ್ಪ ಮೀಸೆಯ, ಸಾಧು ಕಣ್ಣಿನ, ಸ್ವಲ್ಪ ಒಂಟಿಯಾಗಿ ಕಾಣುವ ಮನುಷ್ಯ. ಅವರ ಅಕ್ಕಪಕ್ಕದ ಕುರ್ಚಿಗಳೆಲ್ಲ ಖಾಲಿ.

ರಾಯರು ಹೊಸ್ತಿಲಲ್ಲೇ ನಿಂತರು. ತಾನು ಇನ್ನೂ ಬಾಗಿಲಲ್ಲೇ ಇದ್ದೇನೆ, ಆಗಲೇ ಎಲ್ಲರೂ ಮೂಗು ಮುಚ್ಚಿಕೊಂಡಿದ್ದಾರೆ! ಬಾಳೆಯೆಣ್ಣೆ ಒಂದು ಹನಿ ಇದ್ದರೆ ಹಣ್ಣಿನ ತೋಟ, ಸೀಸೆಗಟ್ಟಲೆ ಇದ್ದರೆ ತಲೆನೋವು ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರು ನಾಚಿಕೆಯಿಂದ ಕುಗ್ಗಿದರು. ಇಷ್ಟು ಜನರಲ್ಲಿ ಮೂಗು ಮುರಿಯದೆ, ಕರವಸ್ತ್ರ ತೆಗೆಯದೆ ಇದ್ದವರು ಸಾಹೇಬರೊಬ್ಬರೇ. ದೊಡ್ಡವರು ಅಂದರೆ ಇವರು ಎಂದುಕೊಂಡು ರಾಯರು ಹೋಗಿ ಅವರ ಪಕ್ಕದ ಕುರ್ಚಿಯಲ್ಲೇ ಕೂತರು.

ಗೋಡೆಗೆ ಅಂಟಿಕೊಂಡವರಿಂದ ಒಂದು ಸಣ್ಣ ಉದ್ಗಾರ ಬಂತು. ಸಾಹೇಬರು ರಾಯರನ್ನು ನೋಡಿದರು. ಅವರ ಸಾಧು ಕಣ್ಣು ಇನ್ನೂ ಸಾಧುವಾಯಿತು.

"ನನ್ ಪಕ್ಕದಲ್ಲಿ ಹೀಗೆ ಬಂದು ಕೂತವರನ್ನ ನೋಡಿ ಬಹಳ ವರ್ಷ ಆಯ್ತು" ಎಂದರು.

ದೊಡ್ಡ ಹುದ್ದೆಯ ಒಂಟಿತನ ಎಂದು ರಾಯರು ಅರ್ಥಮಾಡಿಕೊಂಡರು. ಚಹಾ ಬಂತು. ಇಬ್ಬರೂ ಒಂದೇ ತಟ್ಟೆಯಿಂದ ಬಿಸ್ಕತ್ತು ತಿಂದರು. ಯಜಮಾನರು ಕಣ್ಸನ್ನೆಯಲ್ಲೇ ರಾಯರನ್ನು ದೂರ ಕರೆದರು; ಸಾಹೇಬರು, ಇರಲಿ ಬಿಡಿ, ಒಳ್ಳೆ ಮನುಷ್ಯ, ಇಲ್ಲೇ ಇರಲಿ ಎಂದು ತಡೆದರು. ತನ್ನ ನಾತವನ್ನು ಇಷ್ಟು ದೊಡ್ಡ ಮನಸ್ಸಿನಿಂದ ಸಹಿಸುತ್ತಿದ್ದಾರಲ್ಲ ಎಂದು ರಾಯರಿಗೆ ಕಣ್ಣಲ್ಲಿ ನೀರು ಬಂತು.

ಪರೀಕ್ಷೆ ಶುರುವಾಯಿತು. ರಾಯರು ಮೊದಲ ಮಾಸ್ಕ್ ಕಟ್ಟಿಕೊಂಡು ಗಾಜಿನ ಗೂಡಿಗೆ ಹೊಕ್ಕರು. ಹದಿಮೂರೊಂದ್ಲಿ ಹದಿಮೂರು. ತಲೆ ಎಡಕ್ಕೆ, ಬಲಕ್ಕೆ. ಮಗ್ಗಿ ಮುಗಿಯಿತು. ವಾಸನೆ ಇಲ್ಲ ಎಂದು ಕೈಸನ್ನೆ ಮಾಡಿದರು. ಹಸಿರು ಮುದ್ರೆ ಟಪ್ಪೆಂದಿತು. ಎರಡನೆಯದೂ ಹಾಗೆಯೇ. ಯಜಮಾನರು ಕರವಸ್ತ್ರದ ಹಿಂದೆಯೇ ನಗುತ್ತಿದ್ದರು. ಇನ್ನೇನು, ಫಲಕ ಬಾಗಿಲಿಗೇರಿದ ಹಾಗೆಯೇ ಎಂದು ರಾಯರಿಗೂ ಅನ್ನಿಸಿತು.

ಮೂರನೆಯ ಮಾಸ್ಕ್ ಕಟ್ಟಿಕೊಂಡು ಮಗ್ಗಿಯ ನಡುವೆ ತಲೆ ತಿರುಗಿಸಿದಾಗ ಗಾಜಿನಲ್ಲಿ ತಮ್ಮದೇ ಮುಖ ಕಂಡಿತು. ಊದಿದ ಮೂಗಿನ ಮೇಲೆ ಮಾಸ್ಕ್ ಸೊಟ್ಟಗೆ ಕೂತಿತ್ತು. ಮೂಗಿನ ಎರಡೂ ಕಡೆ ಬೆರಳು ತೂರುವಷ್ಟು ಸಂದಿ. ಅಂದರೆ ಬಾಳೆಯೆಣ್ಣೆ ಅಷ್ಟಗಲದ ಹೆಬ್ಬಾಗಿಲಿನಿಂದ ಒಳಗೆ ನುಗ್ಗುತ್ತಿದೆ, ಇವರಿಗೆ ಮಾತ್ರ ಸುಳಿವಿಲ್ಲ. ಹಾಗಾದರೆ ಮುದ್ರೆ ಬಿದ್ದ ಆ ಎರಡು? ಅವು ಸರಿ ಇರಬಹುದು, ಇಲ್ಲದೆಯೂ ಇರಬಹುದು. ಯಾರಿಗೆ ಗೊತ್ತು?

ಹದಿಮೂರೇಳ್ಲಿ ಎಂದು ಬಾಯಿ ತೆರೆದವರಿಗೆ ತೊಂಬತ್ತೊಂದು ಬರಲಿಲ್ಲ. ತಮ್ಮನ ಮುಖ ಬಂತು. ಕಣ್ಮುಚ್ಚಿ ಹಾಕ್ಕೊಳ್ರೋ ಎಂದು ಅವನು ಈಗಲೂ ಆ ಶೆಡ್ಡಿನಲ್ಲಿ ಯಾರಿಗೋ ಹೇಳುತ್ತಿರಬಹುದು. ಅಜ್ಜಿಯ ಹಾಲು ಒಡೆದರೆ ಚೆಲ್ಲಿ ಬೇರೆ ಕಾಯಿಸಬಹುದು. ಮನುಷ್ಯನ ಎದೆಗೂಡು ಕೆಟ್ಟರೆ ಯಾವ ಅಂಗಡಿಯಲ್ಲಿ ಕೊಳ್ಳುವುದು?

ರಾಯರು ಗೂಡಿನಿಂದ ಹೊರಗೆ ಬಂದು ಮಾಸ್ಕ್ ಕಳಚಿ ಮೇಜಿನ ಮೇಲಿಟ್ಟರು. ಬೆನ್ನು ನೆಟ್ಟಗೆ ಮಾಡಿದರು.

"ಸಾಹೇಬ್ರೇ, ಆ ಎರಡು ಮುದ್ರೆ ಅಳಿಸ್ಬಿಡಿ. ನಂಗೆ ಬೆಳಿಗ್ಗೆಯಿಂದ ಮೂಗು ಸತ್ತುಹೋಗಿದೆ. ನಾನು ಹೇಳ್ದೆ ಮುಚ್ಚಿಟ್ಟೆ. ಈ ಮಾಸ್ಕ್ ಹಾಕ್ಕೊಳ್ಳೋನು ಯಾರೋ ಒಬ್ಬನ ತಮ್ಮ ಆಗಿರ್ತಾನೆ. ನನ್ನ ಮೂಗು ಸೋಲಲಿ, ನನ್ನ ಮಾತು ಸೋಲ್ಬಾರ್ದು."

ಕಟ್ಟಿದ ಮೂಗಿನಿಂದ ಹೊರಬಿದ್ದಾಗ ಆ ಭಾಷಣದಲ್ಲಿ ಮಕಾರ ನಕಾರಗಳು ಒಂದೂ ನೆಟ್ಟಗಿರಲಿಲ್ಲ. ಆದರೂ ಯಾರೂ ನಗಲಿಲ್ಲ. ಪ್ಯಾಕಿಂಗಿನ ಹೆಂಗಸೊಬ್ಬಳು ಕರವಸ್ತ್ರವನ್ನು ಮೂಗಿನಿಂದ ಕಣ್ಣಿಗೆ ಏರಿಸಿದಳು. ಯಜಮಾನರ ಮುಖ ಮಾತ್ರ ಕಪ್ಪಿಟ್ಟಿತು. ಯಂತ್ರಕ್ಕೆ ಇವತ್ತೇ ಹೇಳಿಕಳಿಸುತ್ತೇನೆ, ಈ ಮೂಗನ್ನು ನಂಬಿ ಕೆಟ್ಟೆ ಎಂದು ಅವರು ಗೊಣಗಿದ್ದು ಎಲ್ಲರಿಗೂ ಕೇಳಿಸಿತು. ರಾಯರಿಗೂ ಕೇಳಿಸಿತು. ತಲೆ ಮಾತ್ರ ತಗ್ಗಲಿಲ್ಲ.

ಸಾಹೇಬರು ಎದ್ದು ಬಂದು ರಾಯರ ಎರಡೂ ಕೈ ಹಿಡಿದುಕೊಂಡರು.

"ಯಂತ್ರ ನೀವೇ ಇಟ್ಕೊಳ್ಳಿ ಯಜಮಾನ್ರೇ, ಮಾಸ್ಕ್ ಅದ್ರಲ್ಲೇ ನೋಡಿ ಕಳಿಸಿ, ಆರ್ಡರ್ ನಿಮ್ಗೇ. ಈ ಮನುಷ್ಯನ್ನ ಮಾತ್ರ ನಂಗೆ ಕೊಡಿ. ನಮ್ ಕಾರ್ಖಾನೇಲಿ ದಿನಾ ಬೆಳಿಗ್ಗೆ ಒಬ್ಬೊಬ್ಬರ ಮುಖಕ್ಕೂ ಮಾಸ್ಕ್ ಸರಿಯಾಗಿ ಕೂತಿದೆಯಾ ಅಂತ ನೋಡ್ಬೇಕು. ಎಲ್ರೂ ಬೇಗ ಮುಗೀಲಿ ಅಂತ ವಾಸನೆ ಇಲ್ಲ ವಾಸನೆ ಇಲ್ಲ ಅಂತಾರೆ. ಸೋರ್ತಿದೆ ಅಂತ ಹೇಳೋ ಗಂಡಸು ಇವತ್ತು ಸಿಕ್ಕ. ನೆಗಡಿ ನಾಳೆ ಹೋಗುತ್ತೆ, ಈ ಗುಣ ಹೋಗಲ್ಲ."

ಮುಖ್ಯ ಪರೀಕ್ಷಕರ ಹುದ್ದೆ. ಇಲ್ಲಿಗಿಂತ ಹೆಚ್ಚಿನ ಸಂಬಳ. ಕಾರ್ಖಾನೆಯ ಆವರಣದಲ್ಲೇ ಸಂಸಾರಕ್ಕೆ ಮನೆ. ಬಾಗಿಲಿಗೆ ಫಲಕ ಹಾಕಿಕೊಳ್ಳಲು ಸಾಹೇಬರ ಅಭ್ಯಂತರವಿರಲಿಲ್ಲ. ಯಜಮಾನರು, ಯಾವ ಕಾರಣಕ್ಕೋ, ತುಂಬ ಬೇಗ ಒಪ್ಪಿಕೊಂಡರು. ಗೋಡೆಯ ಪಕ್ಕದಿಂದ ಗುಮಾಸ್ತೆ ರಾಯರಿಗೆ ಏನೋ ಸನ್ನೆ ಮಾಡಿದ, ಬೇಡ ಬೇಡ ಎಂದು ತಲೆ ಆಡಿಸಿದ. ಹೊಟ್ಟೆಕಿಚ್ಚು ಎಂದುಕೊಂಡರು ರಾಯರು.

"ಒಪ್ಪಿದೆ ಸಾಹೇಬ್ರೇ. ನಾಸಿಕರಾಯ ಒಂದ್ಸಲ ಮಾತು ಕೊಟ್ರೆ ಹಿಂದೆಗೆಯೋದಿಲ್ಲ. ಇದು ಇಲ್ಲಿರೋರೆಲ್ರಿಗೂ ಗೊತ್ತು."

ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಹೇಬರು ಅಭಿಮಾನದಿಂದ ರಾಯರನ್ನು ಎದೆಗೆ ಅಪ್ಪಿಕೊಂಡರು. ರಾಯರ ಜೀವಮಾನದ ಅತ್ಯಂತ ಹೆಮ್ಮೆಯ ಗಳಿಗೆ ಅದು. ಸರಿಯಾಗಿ ಆ ಗಳಿಗೆಯಲ್ಲೇ ಬೆಳಿಗ್ಗೆ ಕುಡಿದ ಮೆಣಸಿನ ನೀರಿಗೆ ತನ್ನ ಕೆಲಸ ನೆನಪಾಯಿತು.

ಕಿಟಕಿಯ ಗಾಜು ನಡುಗುವ ಹಾಗೆ ರಾಯರು ಸೀನಿದರು. ಒಂದೇ ಸೀನು. ಮೂಗು ತಳದವರೆಗೂ ತೆರೆದುಕೊಂಡಿತು.

ಮೊದಲು ಬಂದದ್ದು ಬಾಳೆಯೆಣ್ಣೆ. ತಮ್ಮದೇ ಶರ್ಟಿನದು, ಸಿಹಿಯಾಗಿ, ಕಳಿತ ಗೊನೆಯ ಹಾಗೆ. ಬಂದೆಯಾ ತಾಯಿ ಎಂದು ರಾಯರು ಕಣ್ಣು ಮುಚ್ಚಿದರು. ಆಮೇಲೆ ಅದರ ಹಿಂದಿನಿಂದ ಇನ್ನೊಂದು ಬಂತು. ಬಾಳೆಯೆಣ್ಣೆಯನ್ನು ಪಕ್ಕಕ್ಕೆ ತಳ್ಳಿಕೊಂಡು ಬಂತು. ಸಾಹೇಬರ ಕೋಟಿನಿಂದ, ಮೀಸೆಯಿಂದ, ಕೈಯಿಂದ ಬಂತು. ಊರಲ್ಲೇ ಹೆಸರಾದ, ಒಂದು ಹನಿಯನ್ನೂ ಬಿಡದೆ ಹಿಡಿಯುವ ಆ ಮೂಗಿನೊಳಗೆ ಪೂರ್ತಿಯಾಗಿ ಹೊಕ್ಕು ಕೂತಿತು. ಕಿಟಕಿಗಳು ಯಾಕೆ ತೆರೆದಿದ್ದವು, ಕುರ್ಚಿಗಳು ಯಾಕೆ ಖಾಲಿ ಇದ್ದವು ಎಂಬುದೆಲ್ಲ ರಾಯರಿಗೆ ಒಂದೇ ಉಸಿರಿನಲ್ಲಿ ತಿಳಿಯಿತು.

"ಸಾಹೇಬ್ರೇ," ಎಂದರು ರಾಯರು ಕ್ಷೀಣವಾಗಿ, "ನಿಮ್ಮಲ್ಲಿ ಅಂಟನ್ನ... ಯಾವುದ್ರಿಂದ ಮಾಡ್ತೀರಿ?"

"ಮೂಳೆ, ಗೊರಸು, ಮೀನಿನ ಚರ್ಮ. ಹಗಲೂ ರಾತ್ರಿ ಬೇಯ್ತಾ ಇರುತ್ತೆ" ಎಂದರು ಸಾಹೇಬರು ಪ್ರೀತಿಯಿಂದ. "ನಿಮ್ಗೆ ಕೊಡೋ ಮನೆ ಆ ಹಂಡೆಗಳ ಪಕ್ಕದಲ್ಲೇ, ಓಡಾಟದ ತೊಂದ್ರೆ ಇಲ್ಲ. ನಂಗೆ ಮೂಗು ಹೋಗಿ ಎಷ್ಟೋ ವರ್ಷ ಆಯ್ತು, ಏನೂ ಗೊತ್ತಾಗಲ್ಲ. ನಡೀರಿ, ಗಾಡಿ ಕಾಯ್ತಿದೆ, ಇವತ್ತೇ ಜಾಗ ತೋರಿಸ್ತೀನಿ. ಅರೆ, ಯಾಕೆ ಕಣ್ಣಲ್ಲಿ ನೀರು?"

"ಸಂತೋಷಕ್ಕೆ" ಎಂದರು ರಾಯರು.

ಕೊಟ್ಟ ಮಾತು ಕೋಣೆಯ ತುಂಬ ಜನರ ಕಿವಿಯಲ್ಲಿತ್ತು. ಗೋಡೆಯ ಪಕ್ಕ ಗುಮಾಸ್ತೆ ಹಣೆ ಚಚ್ಚಿಕೊಳ್ಳುತ್ತಿದ್ದ. ರಾಯರು ತಲೆಯೆತ್ತಿ, ಎದೆ ಮುಂದೆ ಮಾಡಿ, ಒಂದು ಹೆಜ್ಜೆ ನಡೆದರು. ಎರಡನೆಯ ಹೆಜ್ಜೆಗೆ ಕೈ ತಾನಾಗಿಯೇ ಮೇಜಿನ ಮೇಲಿದ್ದ ಮಾಸ್ಕನ್ನು ಎತ್ತಿಕೊಂಡಿತು. ಲಗುಬಗೆಯಿಂದ ಕಟ್ಟಿಕೊಂಡರು. ಪಟ್ಟಿಯನ್ನು ಕಿವಿಯ ಹಿಂದೆ ಎಳೆದು ಬಿಗಿದರು. ಇನ್ನೂ ಬಿಗಿದರು. ಊದಿದ ಮೂಗಿನ ಎರಡೂ ಕಡೆ ಅದೇ ಬೆರಳಗಲದ ಸಂದಿ.

ಸಾಹೇಬರಿಗೆ ಹಿಗ್ಗೋ ಹಿಗ್ಗು. ಈಗಿನಿಂದಲೇ ಕೆಲಸ ಶುರುಮಾಡಿದರಲ್ಲ ಎಂದು ಹೆಗಲ ಮೇಲೆ ಕೈ ಹಾಕಿ ಹತ್ತಿರಕ್ಕೆ ಎಳೆದುಕೊಂಡರು.

"ಹೇಗಿದೆ ಮುಖ್ಯ ಪರೀಕ್ಷಕರೇ? ಸರಿಯಾಗಿ ಕೂತಿದೆಯಾ?"

ನಾಸಿಕರಾಯರಿಗೆ ಆ ದಿನ ಸುಳ್ಳು ಹೇಳಿ ಹೇಳಿ ಸಾಕಾಗಿತ್ತು.

"ಸೋರ್ತಿದೆ ಸಾಹೇಬ್ರೇ" ಎಂದರು.

"ನೋಡಿದ್ರಾ!" ಎಂದು ಸಾಹೇಬರು ಇಡೀ ಕೋಣೆಯ ಕಡೆ ತಿರುಗಿ ಹೇಳಿದರು. "ಮತ್ತೆ ನಿಜಾನೇ ಹೇಳಿದ್ರು."